ಉಪವಾಸವೂ ವ್ಯಾಧಿಯೂ: ಮೂರು ಚರಿತ್ರಗ್ರಂಥಗಳ ವಿಮರ್ಶೆ

೧

ಹದಿಹರೆಯದ ಮಕ್ಕಳು ಊಟವನ್ನು ಬಿಡುತ್ತ ಬಿಡುತ್ತ ಪ್ರಾಣಾಪಾಯದ ಅಂಚಿಗೆ ಹೋಗುವ ವ್ಯಾಧಿಯೊಂದುಂಟು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ‘ಅನೊರೆಕ್ಸಿಯ ನರ್ವೋಸ’ ಎಂದು ಹೆಸರು. ‘ಅನೊರೆಕ್ಸಿಯ’ ಎಂದರೆ ಹಸಿವಿಲ್ಲದಿರುವುದು. ಆದರೆ ಈ ರೋಗಿಗಳಲ್ಲಿ ಅನೇಕರಿಗೆ ಹಸಿವು ಇದ್ದೇ ಇರುತ್ತದೆ; ಇರುವ ಹಸಿವಿಗೆ ಮಣಿಯಲಾರದಿರುವುದೇ ಅವರ ರೋಗ. ಆದುದರಿಂದ ನಾವು ಈ ಲೇಖನದಲ್ಲಿ ಇದನ್ನು ‘ಅನ್ನವೈಮುಖ್ಯ’ ಎಂದು ಕರೆಯುತ್ತೇವೆ. ಮನಸ್ಸಿಗೆ ಸಂಬಂಧಿಸಿದ ವ್ಯಾಧಿಗಳಲ್ಲಿ ಅತಿ ಹೆಚ್ಚು ಪ್ರಾಣಹಾನಿಯನ್ನು ಉಂಟುಮಾಡುವವುಗಳ ಸಾಲಿಗೆ ಇದು ಸೇರಿದೆ.

ಚರಿತ್ರೆಯ ಅಧ್ಯಾಪಕರು ಇಂತಹ ವಿಷಯವನ್ನು ಎತ್ತಿಕೊಳ್ಳುವುದೇಕೆಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಈ ವ್ಯಾಧಿಯನ್ನು ಕುರಿತು ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಮೂರು ಚರಿತ್ರಗ್ರಂಥಗಳು ಒಂದರ ಹಿಂದೊಂದು ಪ್ರಕಟವಾದುವು. ಮೂರೂ ಅಮೆರಿಕದ ವಿದ್ವಾಂಸರ ಕೃತಿಗಳು: ರುಡಾಲ್ಫ್ ಬೆಲ್ ಅವರ ‘ಹೋಲಿ ಅನೊರೆಕ್ಸಿಯ’ (೧೯೮೫), ಕ್ಯಾರೊಲಿನ್ ವಾಕರ್ ಬೈನಮ್ ಅವರ ‘ಹೋಲಿ ಫೀಸ್ಟ್ ಅಂಡ್ ಹೋಲಿ ಫಾಸ್ಟ್’ (೧೯೮೭), ಜೋನ್ ಜೇಕಬ್ಸ್ ಬ್ರಂಬರ್ಗ್ ಅವರ ‘ಫಾಸ್ಟಿಂಗ್ ಗರ್ಲ್ಸ್’ (೧೯೮೮). ಎರಡನೆಯದು, ಈ ವ್ಯಾಧಿ ತಗಲುವ ವಯಸ್ಸಿನವರೇ ನಮ್ಮ ತರಗತಿಗಳಲ್ಲಿ ಕುಳಿತಿರುವವರು. ಮೇಲ್ಕಂಡ ಗ್ರಂಥಗಳಿಂದ ಅಧ್ಯಾಪಕನಾದವನು ಏನನ್ನು ಕಲಿಯಬಹುದು, ಯಾವುದನ್ನು ಅವುಗಳಿಂದ ನಿರೀಕ್ಷಿಸಲಾಗದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಬೆಲ್ ಅವರ ಗ್ರಂಥ ಇಟಲಿಯ ಧರ್ಮನಿಷ್ಠ ಸ್ತ್ರೀಯರನ್ನು ಕುರಿತದ್ದು. ಕ್ರಿ.ಶ. ೧೨೦೦ರಿಂದ ಈಚೆಗೆ ಬಾಳಿದ, ರೋಮನ್ ಕ್ಯಾಥೊಲಿಕ್ ಧರ್ಮಸಭೆಯ ಮನ್ನಣೆ ಪಡೆದ ೨೬೧ ಮಂದಿಯ ವೃತ್ತಾಂತಗಳನ್ನು ಅವರು ಸಂಗ್ರಹಿಸಿದರು. ಇವರಲ್ಲಿ ಸುಮಾರು ಮೂರನೆಯ ಒಂದು ಪಾಲಿನವರ ವಿಷಯದಲ್ಲಿ ಆಧಾರಗಳು ಸಾಲವು. ಉಳಿದ ೧೭೦ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಅನ್ನವೈಮುಖ್ಯದ ಲಕ್ಷಣಗಳು ತೋರಿಬರುತ್ತವೆಂಬುದು ಅವರ ನಿರ್ಣಯ. ಸಿಯೆನಾದ ಕ್ಯಾಥರೀನ್ ಅವರ ಮುಖ್ಯ ನಿದರ್ಶನ. ಮನೆಯವರು ಮದುವೆಯ ಮಾತೆತ್ತಿದಾಗ ಆಕೆ ತಲೆಗೂದಲನ್ನು ಕತ್ತರಿಸಿಕೊಂಡಳು. ಹದಿಹರೆಯದಿಂದಲೇ ಆಹಾರವನ್ನು ಕಡಿಮೆ ಮಾಡುತ್ತ ಬಂದು ೧೩೮೦ರಲ್ಲಿ, ೩೩ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ತನ್ನ ಬಾಳಿನ ಮೇಲೆ ತನಗೆ ಬೇರಾವ ಅಧಿಕಾರವೂ ಇಲ್ಲದಿದ್ದ ಹೆಣ್ಣು ತನ್ನ ದೇಹದ ಮೇಲೆ ಅದನ್ನು ಸ್ಥಾಪಿಸಿಕೊಂಡಳೆಂದು ಬೆಲ್ ಅರ್ಥೈಸುತ್ತಾರೆ.

ಈ ವಾದ ಆಕರ್ಷಕವಾಗಿದೆ. ಆದರೆ ಅದರ ಆಧಾರ ದುರ್ಬಲ. ಕ್ಯಾಥರೀನಳ ಚರಿತ್ರೆಯನ್ನು ಬರೆದವನು ಆಕೆಯ ಧರ್ಮಗುರುವಾದ ಕಪುವಾದ ರೇಮಂಡ್. ಆಕೆಯ ಸಂತತ್ವವನ್ನು ಲೋಕಕ್ಕೆ ಸಿದ್ಧಪಡಿಸಿ ತೋರಿಸುವುದು ಅವನ ಉದ್ದೇಶವಾಗಿತ್ತು. ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಬಲ್ಲವರಿಗೆ ಇದರ ತೊಡಕನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಸನೊಬ್ಬನ ದಾನಶೌರ್ಯಗಳ ವರ್ಣನೆಯನ್ನು ಲೆಕ್ಕಪತ್ರವೆಂದು ಓದಲಾಗದಂತೆ, ಸಂತಳೊಬ್ಬಳ ಉಪವಾಸದ ವರ್ಣನೆಯನ್ನು ರೋಗಿಯ ದಿನಚರಿಯೆಂದು ಓದಲಾಗದು.

ಬೈನಮ್ ಅವರ ಗ್ರಂಥ ಈ ದೋಷವನ್ನು ಬಹುಮಟ್ಟಿಗೆ ತಪ್ಪಿಸಿಕೊಂಡಿದೆ. ಮಧ್ಯಯುಗದ ಯೂರೋಪಿನಲ್ಲಿ ಅಟ್ಟು ಬಡಿಸುವುದು ಹೆಣ್ಣಿನ ಅಧೀನದಲ್ಲಿದ್ದ ಕಾರ್ಯ. ಆದುದರಿಂದ ಆಕೆ ತ್ಯಜಿಸಬಹುದಾಗಿದ್ದ, ದಾನಮಾಡಬಹುದಾಗಿದ್ದ ವಸ್ತುವೂ ಅನ್ನವೇ ಎಂದು ಅವರು ತೋರಿಸುತ್ತಾರೆ. ಪ್ರಭುಭೋಜನದ ರೊಟ್ಟಿಯಲ್ಲಿ ಕ್ರಿಸ್ತನ ದೇಹವನ್ನೇ ಕಾಣುತ್ತಿದ್ದ ಕಾಲದಲ್ಲಿ ಉಪವಾಸಕ್ಕೆ ಇದ್ದ ಅರ್ಥ ಬೇರೆ. ಇಂದಿನ ರೋಗದ ಹೆಸರನ್ನು ಅದರ ಮೇಲೆ ಹೊರಿಸಿದರೆ ಆ ಅರ್ಥ ನಷ್ಟವಾಗುತ್ತದೆ. ಈ ಎಚ್ಚರಿಕೆ ನಮಗೂ ಬೇಕಾದದ್ದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಸಲ್ಲೇಖನವನ್ನು ಕೈಕೊಂಡ ಮುನಿಗಳನ್ನೂ ಕಂತಿಯರನ್ನೂ ಸ್ಮರಿಸುತ್ತವೆ. ಅದು ಗುರುವಿನ ಅನುಜ್ಞೆ, ಸಂಘದ ಸಾಕ್ಷಿ, ಶಾಸ್ತ್ರದ ವಿಧಿ ಇವುಗಳಿಗೆ ಒಳಪಟ್ಟ ವ್ರತ. ಬೆಲ್ ಅವರ ಅಳತೆಗೋಲನ್ನು ಹಿಡಿದು ಆ ಬೆಟ್ಟವನ್ನು ಹತ್ತುವವರು ಶಾಸನವನ್ನೂ ಅರಿಯರು, ರೋಗವನ್ನೂ ಅರಿಯರು.

೩

ಮೂರು ಗ್ರಂಥಗಳಲ್ಲಿ ಬ್ರಂಬರ್ಗ್ ಅವರದು ನಮ್ಮ ಉದ್ದೇಶಕ್ಕೆ ಹೆಚ್ಚು ಸಮೀಪವಾದುದು. ಉಪವಾಸದ ಹುಡುಗಿ ಪವಾಡವಾಗಿದ್ದವಳು ರೋಗಿಯಾದುದು ಹೇಗೆಂಬುದೇ ಅದರ ವಸ್ತು. ಈ ಪರಿವರ್ತನೆಯ ನಡುಮಧ್ಯದಲ್ಲಿ ಸೇರಾ ಜೇಕಬ್ ಎಂಬ ಬಾಲಕಿಯ ಕಥೆ ಬರುತ್ತದೆ.

ಸೇರಾ ವೇಲ್ಸ್ ದೇಶದ ಒಂದು ರೈತಕುಟುಂಬದ ಮಗಳು. ೧೮೬೭ರಿಂದ ಆಕೆ ಏನನ್ನೂ ತಿಂದಿಲ್ಲವೆಂದು ತಂದೆತಾಯಿಗಳು ಹೇಳುತ್ತಿದ್ದರು. ಜನರು ದೂರದೂರದಿಂದ ನೋಡಲು ಬಂದರು, ಕಾಣಿಕೆಗಳನ್ನಿತ್ತರು. ಕೊನೆಗೆ ನಿಜವನ್ನು ಪರೀಕ್ಷಿಸಬೇಕೆಂದು ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ದಾದಿಯರನ್ನು ಕರೆಸಿ ಹಗಲಿರುಳೂ ಕಾವಲಿರಿಸಿದರು. ಕಾವಲು ಆರಂಭವಾದುದು ೧೮೬೯ರ ಡಿಸೆಂಬರ್ ೯ರಂದು. ೧೭ರಂದು ಸೇರಾ ಸತ್ತಳು. ಆಗ ಆಕೆಗೆ ೧೨ ವರ್ಷ. ತಂದೆತಾಯಿಗಳಿಬ್ಬರಿಗೂ ೧೮೭೦ರಲ್ಲಿ ಸೆರೆಮನೆಯ ಶಿಕ್ಷೆಯಾಯಿತು. ಆಕೆಯದು ಅನ್ನವೈಮುಖ್ಯವೇ ಎಂಬುದನ್ನು ಇಂದು ನಿರ್ಣಯಿಸಲಾಗದು. ಅದು ನಮ್ಮ ಪ್ರಶ್ನೆಯೂ ಅಲ್ಲ. ನಾವು ಗಮನಿಸಬೇಕಾದುದು ಆಕೆಯ ಸುತ್ತಲಿದ್ದವರನ್ನು. ಇದು ಪವಾಡವೋ ವಂಚನೆಯೋ ಎಂಬ ಪ್ರಶ್ನೆ ಎಲ್ಲರನ್ನೂ ಹಿಡಿದಿತ್ತು. ಹುಡುಗಿ ಕಣ್ಣೆದುರಿಗೇ ಕುಂದುತ್ತಿದ್ದರೂ ಆ ಪ್ರಶ್ನೆಯನ್ನು ಬದಿಗಿಟ್ಟು ಆಕೆಯ ಬಾಯಿಗೆ ಒಂದು ತುತ್ತನ್ನು ಒಯ್ಯುವ ಹೊಣೆ ತನ್ನದೆಂದು ಅಲ್ಲಿದ್ದ ಯಾರೂ ತಿಳಿಯಲಿಲ್ಲ.

ನಾಲ್ಕು ವರ್ಷಗಳ ತರುವಾಯ, ೧೮೭೩ರಲ್ಲಿ, ಅದೇ ಗೈಸ್ ಆಸ್ಪತ್ರೆಯ ಪ್ರಸಿದ್ಧ ವೈದ್ಯರಾಗಿದ್ದ ವಿಲಿಯಂ ಗಲ್ ಈ ವ್ಯಾಧಿಯನ್ನು ಕುರಿತು ಲಂಡನ್ನಿನಲ್ಲಿ ಪ್ರಬಂಧವನ್ನೋದಿದರು. ಇಂದು ರೂಢಿಯಲ್ಲಿರುವ ಹೆಸರು ಅವರಿಟ್ಟದ್ದು. ಅವರ ರೋಗಿಗಳಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳ ತೂಕ ೮೨ ಪೌಂಡಿಗೆ ಇಳಿದಿತ್ತು. ಗುಣವಾದ ಮೇಲೆ ೧೨೮ ಪೌಂಡಿಗೆ ಏರಿತು. ಅಷ್ಟು ಕೃಶವಾದ ದೇಹ ಸದಾ ಓಡಾಡುತ್ತ ಚಟುವಟಿಕೆಯಿಂದಿದ್ದುದು ಗಲ್ ಅವರಿಗೆ ಆಶ್ಚರ್ಯವನ್ನುಂಟುಮಾಡಿತ್ತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಶಾರ್ಲ್ ಲಾಸೇಗ್ ಎಂಟು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ತನಗೆ ಯಾವ ನೋವೂ ಇಲ್ಲ, ತಾನು ಆರೋಗ್ಯವಾಗಿಯೇ ಇದ್ದೇನೆಂದು ರೋಗಿ ಹೇಳುವುದನ್ನೂ, ಮನೆಯವರು ಒಮ್ಮೆ ಬೇಡುತ್ತ ಒಮ್ಮೆ ಬೆದರಿಸುತ್ತ ಸೋಲುವುದನ್ನೂ ಅವರಷ್ಟು ಸೂಕ್ಷ್ಮವಾಗಿ ಅದುವರೆಗೆ ಯಾರೂ ಬರೆದಿರಲಿಲ್ಲ. ರೋಗಿಯೊಬ್ಬಳನ್ನೇ ಪರೀಕ್ಷಿಸಿದರೆ ರೋಗ ತಿಳಿಯದು, ಮನೆಯವರನ್ನೂ ಜೊತೆಗಿರಿಸಿ ನೋಡಬೇಕೆಂಬುದು ಅವರ ಮತ.

ಈ ಇಬ್ಬರಿಗಿಂತ ಬಹು ಹಿಂದೆಯೇ, ೧೬೮೯ರಲ್ಲಿ, ಕ್ಷಯವನ್ನು ಕುರಿತ ತಮ್ಮ ಲ್ಯಾಟಿನ್ ಗ್ರಂಥದಲ್ಲಿ ಇಂಗ್ಲೆಂಡಿನ ರಿಚರ್ಡ್ ಮಾರ್ಟನ್ ಇಬ್ಬರು ರೋಗಿಗಳನ್ನು ವರ್ಣಿಸಿದ್ದರು. ಜ್ವರವಿಲ್ಲ, ಕೆಮ್ಮಿಲ್ಲ; ದೇಹ ಮಾತ್ರ ಚರ್ಮ ಹೊದಿಸಿದ ಎಲುಬಿನ ಗೂಡು. ಒಬ್ಬಳು ರಾತ್ರಿಯೆಲ್ಲ ಪುಸ್ತಕದ ಮುಂದೆ ಕುಳಿತಿರುತ್ತಿದ್ದ ೧೮ ವರ್ಷದ ಹುಡುಗಿ. ಔಷಧವನ್ನೊಲ್ಲದೆ ಮೂರ್ಛೆಯಲ್ಲಿ ಸತ್ತಳು. ಇನ್ನೊಬ್ಬ ೧೬ ವರ್ಷದ ಹುಡುಗ. ಓದನ್ನು ಬಿಡಿಸಿ, ಹಳ್ಳಿಯ ಗಾಳಿಗೆ ಕಳುಹಿಸಿ, ಹಾಲಿನ ಪಥ್ಯವಿತ್ತ ಮೇಲೆ ಬಹುಮಟ್ಟಿಗೆ ಚೇತರಿಸಿಕೊಂಡ. ಈ ಹುಡುಗನನ್ನು ನಾವು ಮರೆಯಬಾರದು. ಬ್ರಂಬರ್ಗ್ ಅವರ ಗ್ರಂಥದ ಹೆಸರೇ ಸೂಚಿಸುವಂತೆ ಅವರ ಲಕ್ಷ್ಯವೆಲ್ಲ ಹುಡುಗಿಯರ ಮೇಲೆ. ರೋಗಿಗಳಲ್ಲಿ ಹುಡುಗಿಯರೇ ಹೆಚ್ಚೆಂಬುದು ನಿಜ. ಆದರೆ ಇದು ಹುಡುಗಿಯರ ರೋಗವೆಂದು ನಂಬಿದವರಿಗೆ ಹುಡುಗರು ಕಾಣದೆ ಹೋಗುತ್ತಾರೆ.

೪

ಬ್ರಂಬರ್ಗ್ ಅವರ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಅವರು ಮಾಡುವ ಒಂದು ವಿಂಗಡಣೆ. ರೋಗದೊಳಕ್ಕೆ ಹೋಗುವ ದಾರಿ ಒಂದು, ಹೋದ ಮೇಲೆ ರೋಗ ನಡೆಯುವ ದಾರಿ ಇನ್ನೊಂದು. ಮೊದಲನೆಯದನ್ನು ಆಯಾ ಕಾಲದ ಸಂಸ್ಕೃತಿ ತೆರೆಯುತ್ತದೆ. ಎರಡನೆಯದನ್ನು ಬಹುಪಾಲು ದೇಹ ಮನಸ್ಸುಗಳು ನಡೆಸುತ್ತವೆ. ಈ ಎರಡನೆಯ ದಾರಿಗೆ ದೊರೆತಿರುವ ಅತ್ಯುತ್ತಮ ದಾಖಲೆ ರೋಗಿಗಳಿಗೆ ಸಂಬಂಧಿಸಿದುದೇ ಅಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೪-೪೫ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಏನ್ಸೆಲ್ ಕೀಸ್ ಅವರು ೩೬ ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, ೨೪ ವಾರಗಳ ಕಾಲ ಅರೆಹೊಟ್ಟೆಯ ಆಹಾರವನ್ನು ಕೊಟ್ಟರು. ಅವರ ತೂಕ ಸುಮಾರು ಕಾಲುಭಾಗದಷ್ಟು ಇಳಿಯಿತು. ತೂಕದೊಡನೆ ಸ್ವಭಾವವೂ ಬದಲಾಯಿತು. ಅವರು ಗೆಳೆಯರಿಂದ ದೂರವಾದರು, ಸಿಡಿಮಿಡಿಗೊಂಡರು, ಸದಾ ಚಳಿಯೆಂದರು. ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿದರು. ತಟ್ಟೆಯಲ್ಲಿದ್ದಷ್ಟನ್ನೇ ಬಹಳ ಹೊತ್ತು ಕೆದಕುತ್ತ ತಿಂದರು. ೧೯೫೦ರಲ್ಲಿ ಎರಡು ಸಂಪುಟಗಳಾಗಿ ಪ್ರಕಟವಾದ ಈ ಅಧ್ಯಯನದಿಂದ ಒಂದು ಮಾತು ಸಿದ್ಧವಾಗುತ್ತದೆ. ಅನ್ನವೈಮುಖ್ಯವುಳ್ಳ ಮಗುವಿನ ಹಟ, ಮೌನ, ಸಿಟ್ಟು ಎಂದು ನಾವು ಎಣಿಸುವುದರಲ್ಲಿ ಬಹುಪಾಲು ಹಸಿವಿನ ಪರಿಣಾಮ. ಹೊಟ್ಟೆಗೆ ಬೀಳುವವರೆಗೆ ಆ ಮಗುವಿನೊಡನೆ ಮಾಡುವ ವಾದ ಹಸಿವಿನೊಡನೆ ಮಾಡುವ ವಾದವಾಗುತ್ತದೆ.

ಮೊದಲನೆಯ ದಾರಿಯ ವಿಷಯದಲ್ಲಿ ಮೂರು ಗ್ರಂಥಗಳನ್ನೂ ಒಟ್ಟಿಗೆ ಓದಿದಾಗ ದೊರೆಯುವ ಫಲವೊಂದುಂಟು. ಅದನ್ನು ಬೇರೆ ಬೇರೆಯಾಗಿ ಯಾವ ಗ್ರಂಥವೂ ಕೊಡಲಾರದು. ಊಟ ಬಿಟ್ಟವರು ಹೇಳುವ ಕಾರಣ ಕಾಲದಿಂದ ಕಾಲಕ್ಕೆ ಬದಲಾಗಿದೆ. ಒಂದು ಕಾಲದಲ್ಲಿ ಅದು ದೈವಪ್ರೀತಿ, ಇನ್ನೊಂದು ಕಾಲದಲ್ಲಿ ಜೀರ್ಣವಾಗದ ಹೊಟ್ಟೆ, ಈಚಿನ ಕಾಲದಲ್ಲಿ ದಪ್ಪಗಾಗುವ ಭಯ. ಗಲ್, ಲಾಸೇಗ್ ಇಬ್ಬರ ಬರಹದಲ್ಲಿಯೂ ದಪ್ಪಗಾಗುವ ಭಯ ಪ್ರಧಾನವಾಗಿಲ್ಲ. ಏಷ್ಯದ ವೈದ್ಯರು ಕಂಡುದೂ ಇದನ್ನೇ. ಹಾಂಗ್‌ಕಾಂಗಿನಲ್ಲಿ ಸಿಂಗ್ ಲೀ ಮತ್ತು ಅವರ ಸಹೋದ್ಯೋಗಿಗಳು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದ ೭೦ ರೋಗಿಗಳಲ್ಲಿ ೪೧ ಮಂದಿಗೆ ಅಂತಹ ಭಯವಿರಲಿಲ್ಲ; ಹೊಟ್ಟೆಯುಬ್ಬರ, ಹಸಿವಿಲ್ಲ ಎಂಬ ಮಾತುಗಳನ್ನೇ ಅವರು ಹೇಳುತ್ತಿದ್ದರು. ದೆಹಲಿಯ ವೈದ್ಯರು ೧೯೯೫ರಲ್ಲಿ ವರ್ಣಿಸಿದ ಐವರು ತರುಣಿಯರು ಊಟವನ್ನು ನಿರಾಕರಿಸುತ್ತ, ವಾಂತಿ ಮಾಡಿಕೊಳ್ಳುತ್ತ ಕೃಶರಾಗಿದ್ದರೂ ತಾವು ದಪ್ಪವೆಂಬ ಭ್ರಾಂತಿ ಅವರಲ್ಲಿ ಕಾಣಲಿಲ್ಲ. ೨೦೧೩ರಲ್ಲಿ ಪರಿಷ್ಕೃತವಾದ ಅಮೆರಿಕದ ಮನೋವೈದ್ಯರ ರೋಗಲಕ್ಷಣಸಂಹಿತೆಯೂ ಬಾಯಲ್ಲಿ ಹೇಳುವ ಭಯವೇ ಇರಬೇಕೆಂದು ಕೇಳುವುದಿಲ್ಲ. ತೂಕವೇರದಂತೆ ತಡೆಯುವ ನಡತೆ ಬಿಡದೆ ಕಂಡುಬಂದರೂ ಸಾಕೆನ್ನುತ್ತದೆ. ಮುಟ್ಟು ನಿಂತಿರಲೇಬೇಕೆಂಬ ಹಳೆಯ ನಿಯಮವನ್ನೂ ಅದು ಕೈಬಿಟ್ಟಿತು.

ಆದುದರಿಂದ ಬೆಲ್ ಮತ್ತು ಬೈನಮ್ ಅವರ ವಿವಾದದಿಂದ ನಾವು ತೆಗೆದುಕೊಳ್ಳಬೇಕಾದ ಪಾಠ ಇದು. ಹಿಂದಿನವರಿಗೆ ಇಂದಿನ ರೋಗವನ್ನು ಆರೋಪಿಸಬಾರದು. ಇಂದಿನ ಮಗುವನ್ನು ಅದು ಹೇಳುವ ಕಾರಣದಿಂದ ಅಳೆಯಲೂ ಬಾರದು. ಕಾರಣವನ್ನು ಆಯಾ ಕಾಲ, ಆಯಾ ಮನೆ ಒದಗಿಸಿಕೊಡುತ್ತದೆ. ನಮ್ಮ ನಾಡಿನಲ್ಲಿ ಅದು ಸೋಮವಾರದ ಒಪ್ಪೊತ್ತಾಗಬಹುದು, ಪರೀಕ್ಷೆಯ ಹರಕೆಯಾಗಬಹುದು, ಎದೆಯುರಿಯಾಗಬಹುದು, ಹಾಸ್ಟೆಲ್ಲಿನ ಊಟ ಸೇರದೆಂಬ ದೂರಾಗಬಹುದು. ಈ ವ್ಯಾಧಿ ಇಲ್ಲಿ ಇಲ್ಲವೆಂದು ಸಮಾಧಾನಪಡುವಂತೆಯೂ ಇಲ್ಲ. ಬೆಂಗಳೂರಿನ ೬೬ ಮಂದಿ ಮನೋವೈದ್ಯರನ್ನು ವಿಚಾರಿಸಿ ೨೦೧೨ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅವರಲ್ಲಿ ಮೂರನೆಯ ಎರಡು ಪಾಲಿನವರು ಆಹಾರಸೇವನೆಯ ವ್ಯಾಧಿಯುಳ್ಳ ರೋಗಿಯನ್ನು ಒಮ್ಮೆಯಾದರೂ ಕಂಡಿದ್ದರು.

೫

ಬ್ರಂಬರ್ಗ್ ಅವರ ಗ್ರಂಥವನ್ನು ನಾವು ಒಪ್ಪಲಾರದ ಸ್ಥಳವೊಂದಿದೆ. ಮಧ್ಯಮವರ್ಗದ ಕುಟುಂಬದ ಒತ್ತೊತ್ತಾದ ಪ್ರೀತಿಯೇ ಈ ರೋಗದ ಹುಟ್ಟುನೆಲವೆಂದು ಅವರು ಚಿತ್ರಿಸುವಾಗ, ಓದುಗರ ಕಣ್ಣು ತಾನಾಗಿಯೇ ತಾಯಿಯ ಕಡೆಗೆ ತಿರುಗುತ್ತದೆ. ಇದು ಅವರೊಬ್ಬರ ದೋಷವಲ್ಲ. ಒಂದು ಶತಮಾನದ ವೈದ್ಯಪರಂಪರೆ ಅವರ ಹಿಂದಿದೆ. ರೋಗಿಯ ಆರೈಕೆಗೆ ಬಂಧುಮಿತ್ರರು ಎಲ್ಲರಿಗಿಂತ ಅಯೋಗ್ಯರೆಂದು ಗಲ್ ಹೇಳಿದ್ದರು. ಫ್ರಾನ್ಸಿನ ಶಾರ್ಕೊ ತಂದೆತಾಯಿಗಳನ್ನು ಊರು ಬಿಡಿಸಿಯೇ ಚಿಕಿತ್ಸೆಯನ್ನು ಆರಂಭಿಸುತ್ತಿದ್ದರು. ೧೯೭೮ರಲ್ಲಿ ಸಾಲ್ವಡಾರ್ ಮಿನೂಚಿನ್ ಮತ್ತು ಅವರ ಸಂಗಡಿಗರು ಕುಟುಂಬವನ್ನು ಚಿಕಿತ್ಸೆಯೊಳಕ್ಕೆ ಕರೆತಂದರೂ ಇಂತಹದೊಂದು ಕುಟುಂಬದ ಮಾದರಿಯಿಂದಲೇ ಇಂತಹ ರೋಗ ಬೆಳೆಯುತ್ತದೆಂಬ ಭಾವನೆಯನ್ನು ಉಳಿಸಿದರು.

ಈ ಭಾವನೆಯನ್ನು ಕದಲಿಸಿದುದು ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಕೆಲಸ. ಮಿತಿಮೀರಿ ತಿಂದು ಬಳಿಕ ಹೊರಹಾಕುವ ‘ಬುಲಿಮಿಯ’ ಎಂಬ ಸೋದರವ್ಯಾಧಿಗೆ ೧೯೭೯ರಲ್ಲಿ ಲಕ್ಷಣವನ್ನು ನಿರೂಪಿಸಿದ ಜೆರಾಲ್ಡ್ ರಸೆಲ್ ಅವರೇ, ತಮ್ಮ ಸಹೋದ್ಯೋಗಿಗಳೊಡನೆ, ೮೦ ಮಂದಿ ರೋಗಿಗಳ ಅಧ್ಯಯನವೊಂದನ್ನು ೧೯೮೭ರಲ್ಲಿ ಪ್ರಕಟಿಸಿದರು. ಎಳೆಯ ವಯಸ್ಸಿನಲ್ಲಿ ರೋಗ ಆರಂಭವಾಗಿ, ಮೂರು ವರ್ಷ ತುಂಬಿಲ್ಲದವರಲ್ಲಿ, ಕುಟುಂಬವನ್ನು ಒಳಗೊಂಡ ಚಿಕಿತ್ಸೆ ಹೆಚ್ಚು ಫಲಕಾರಿಯಾಯಿತು. ಅಮೆರಿಕದಲ್ಲಿ ೧೨೧ ಮಂದಿ ಹದಿಹರೆಯದವರ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚಿಕಿತ್ಸೆ ಮುಗಿದ ಒಂದು ವರ್ಷದ ಬಳಿಕ, ಕುಟುಂಬದ ಮೂಲಕ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೪೯ ಮಂದಿ ಪೂರ್ಣವಾಗಿ ಚೇತರಿಸಿಕೊಂಡಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ನಡೆಸಿದ ಚಿಕಿತ್ಸೆಯಲ್ಲಿ ಈ ಸಂಖ್ಯೆ ೨೩. ಈ ಪದ್ಧತಿಯಲ್ಲಿ ಮೊದಲು ತಂದೆತಾಯಿಗಳೇ ಮಗುವಿನ ಊಟದ ಹೊಣೆಯನ್ನು ಹೊರುತ್ತಾರೆ. ತೂಕ ಮರಳಿದಂತೆ ಆ ಹೊಣೆಯನ್ನು ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ಹಿಂದಿರುಗಿಸುತ್ತಾರೆ. ಮಿಕ್ಕ ಮಾತುಕತೆಗಳೆಲ್ಲ ಆಮೇಲೆ. ಯಾರ ತಪ್ಪೆಂಬ ವಿಚಾರಣೆ ಇಲ್ಲಿಲ್ಲ. ೨೦೧೯ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು ಈ ವ್ಯಾಧಿಗೆ ಸಂಬಂಧಿಸಿದ ಎಂಟು ವಂಶವಾಹಿ ಸ್ಥಾನಗಳನ್ನು ಗುರುತಿಸಿ, ಮನಸ್ಸಿನಂತೆ ದೇಹದ ಚಯಾಪಚಯಕ್ರಿಯೆಗಳಿಗೂ ಅದರಲ್ಲಿ ಪಾಲಿದೆಯೆಂದು ತೋರಿಸಿದೆ. ಲಾಸೇಗ್ ಮನೆಯವರನ್ನು ಜೊತೆಗಿರಿಸಿ ನೋಡಬೇಕೆಂದರು. ನೂರು ವರ್ಷಗಳ ಮೇಲೆ ವೈದ್ಯರು ಮನೆಯವರನ್ನು ಜೊತೆಗಿರಿಸಿಕೊಂಡೇ ಗುಣಪಡಿಸಲು ಕಲಿತರು.

೬

ಇಷ್ಟನ್ನು ಬರೆದ ಮೇಲೆ ನಮ್ಮದೇ ಒಂದು ತಪ್ಪನ್ನು ಹೇಳದಿರುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಹದಿನೆಂಟು ವರ್ಷದ ವಿದ್ಯಾರ್ಥಿನಿಯೊಬ್ಬಳಿದ್ದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಕೆ ಗ್ರಂಥಾಲಯದಲ್ಲಿರುತ್ತಿದ್ದಳು. ಗೆಳತಿಯರಿಗೆ ಮನೆಯಿಂದ ತಿಂಡಿ ಮಾಡಿ ತರುವಳು, ತಾನು ಮುಟ್ಟಳು. ಬೇಸಗೆಯಲ್ಲಿಯೂ ಸ್ವೆಟರ್ ತೊಟ್ಟಿರುವಳು. ಆಕೆಯ ಸಂಯಮವನ್ನೂ ವ್ಯಾಸಂಗನಿಷ್ಠೆಯನ್ನೂ ನಾವು ತರಗತಿಯಲ್ಲಿ ಹೊಗಳಿ, ಇತರರಿಗೆ ಮಾದರಿಯೆಂದು ತೋರಿಸಿದೆವು. ಒಂದು ದಿನ ಆಕೆ ಮೆಟ್ಟಿಲ ಮೇಲೆ ಬವಳಿ ಬಂದು ಬಿದ್ದಳು. ಆಸ್ಪತ್ರೆಯಲ್ಲಿ ಆಕೆಯ ತಾಯಿ ನಮ್ಮನ್ನು ಕೇಳಿದುದು ಒಂದೇ ಮಾತು: “ದಿನಾ ನೋಡ್ತಿದ್ರಲ್ಲ ಸಾರ್, ನಿಮಗೂ ಗೊತ್ತಾಗ್ಲಿಲ್ವೇ?” ನೋಡಿದ್ದೆವು, ನೋಡಿದುದನ್ನು ಗುಣವೆಂದು ಎಣಿಸಿದ್ದೆವು. ಆಕೆ ಚೇತರಿಸಿಕೊಂಡು ಒಂದು ವರ್ಷ ತಡವಾಗಿ ಪದವಿಯನ್ನು ಮುಗಿಸಿದಳು. ಮಾರ್ಟನ್ನರ ರೋಗಿಯ ಕಥೆಯನ್ನು ನಾವು ಓದಿದುದು ಅದಾದ ಮೇಲೆ.

ಅಧ್ಯಾಪಕನ ಕಣ್ಣಿಗೆ ಬೀಳುವ ಗುರುತುಗಳು ಹೆಚ್ಚೇನೂ ಗೂಢವಾದುವಲ್ಲ. ಊಟದ ಹೊತ್ತನ್ನು ಪದೇ ಪದೇ ತಪ್ಪಿಸುವುದು, ಇತರರಿಗೆ ಬಡಿಸಿ ತಾನು ತಿನ್ನದಿರುವುದು, ಸಡಿಲವಾದ ಬಟ್ಟೆ, ತಡೆಯಲಾರದ ಚಳಿ, ತಲೆಸುತ್ತು, ದಣಿವಿದ್ದರೂ ನಿಲ್ಲಿಸಲಾರದ ನಡಿಗೆ ವ್ಯಾಯಾಮಗಳು, ಗೆಳೆಯರಿಂದ ದೂರವಾಗುವುದು. ಉಂಡೊಡನೆ ಬಚ್ಚಲಿಗೆ ಹೋಗುವುದು ಬುಲಿಮಿಯದ ಗುರುತಾಗಬಹುದು. ಅದರಲ್ಲಿ ತೂಕ ಇಳಿಯದೆಯೂ ಇರಬಹುದು. ಆದರೆ ರಕ್ತದ ಲವಣಾಂಶ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಮಗು ತೆಳ್ಳಗಿಲ್ಲವೆಂಬ ಮಾತ್ರಕ್ಕೆ ನಿಶ್ಚಿಂತೆಯಿಂದಿರಲಾಗದು.

ಗುರುತಿಸಿದ ಮೇಲೆ ಮಾಡಬೇಕಾದುದೂ ಸರಳವೇ. ನಾಲ್ವರ ಮುಂದೆ ಅಲ್ಲದೆ ಏಕಾಂತದಲ್ಲಿ ಮಾತಾಡಬೇಕು. ಮೈಯ ಗಾತ್ರದ ಮಾತನ್ನೆತ್ತದೆ, ಕಂಡುದನ್ನು ಕಂಡಂತೆ ಹೇಳಬೇಕು: ಊಟ ಬಿಡುತ್ತಿದ್ದೀಯೆ, ದಣಿದಿದ್ದೀಯೆ, ನಮಗೆ ಚಿಂತೆಯಾಗಿದೆ. ಏನೂ ಇಲ್ಲವೆಂಬ ಉತ್ತರ ಬಂದರೆ ಅಲ್ಲಿಗೇ ಬಿಡಬಾರದು. ಆ ಉತ್ತರವನ್ನು ಲಾಸೇಗ್ ೧೮೭೩ರಲ್ಲಿಯೇ ಬರೆದಿಟ್ಟಿದ್ದಾರೆ. ಮನೆಯವರಿಗೆ, ಆರೋಪಿಸುವ ಧ್ವನಿಯಿಲ್ಲದೆ, ತಿಳಿಸಬೇಕು. ವೈದ್ಯರ ಬಳಿಗೆ ಬೇಗ ಹೋಗುವಂತೆ ಒತ್ತಾಯಿಸಬೇಕು. ಬಹುದಿನ ಬರಿಹೊಟ್ಟೆಯಲ್ಲಿದ್ದ ದೇಹಕ್ಕೆ ಒಮ್ಮೆಗೇ ಹೆಚ್ಚು ಉಣಿಸುವುದೂ ಅಪಾಯಕರವಾದುದರಿಂದ ವೈದ್ಯರ ಮೇಲ್ವಿಚಾರಣೆ ಅಗತ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯವಿಭಾಗವಿದೆ. ದಾರಿ ತೋರದ ಮನೆಯವರು ಕೇಂದ್ರ ಸರ್ಕಾರ ೨೦೨೨ರಲ್ಲಿ ಆರಂಭಿಸಿದ ‘ಟೆಲಿ-ಮಾನಸ್’ ದೂರವಾಣಿಯನ್ನು (೧೪೪೧೬) ವಿಚಾರಿಸಬಹುದು. ಮಗು ಮರಳಿ ತರಗತಿಗೆ ಬಂದಾಗ ಮೈ ತುಂಬಿಕೊಂಡಿತೆಂದು ಸಂತೋಷದಿಂದ ಹೇಳುವುದೂ ಬೇಡ. ಊಟದ ಹೊತ್ತಿಗೆ ಅದರ ಪಕ್ಕದಲ್ಲಿ ಯಾರಾದರೂ ಕುಳಿತರೆ ಸಾಕು.

ಮೂರು ಗ್ರಂಥಗಳೂ ಓದಲು ಯೋಗ್ಯವಾದುವು. ಬೆಲ್ ಅವರಿಂದ ಪ್ರಶ್ನೆಯನ್ನೂ, ಬೈನಮ್ ಅವರಿಂದ ಎಚ್ಚರವನ್ನೂ, ಬ್ರಂಬರ್ಗ್ ಅವರಿಂದ ವಿಂಗಡಣೆಯನ್ನೂ ನಾವು ಪಡೆಯುತ್ತೇವೆ. ಇವುಗಳಿಗೆ ನಮ್ಮ ನಾಡಿನ ಅನುಭವದಿಂದ ಒಂದು ಮಾತನ್ನು ಸೇರಿಸಬಹುದು. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆಯುಂಟು. ಮನೆಯವರೆಲ್ಲ ಅದಕ್ಕಾಗಿ ಕಾದಿದ್ದು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮಗುವೊಂದು ಊಟ ಬಿಟ್ಟಾಗ ಅದರ ಕಾರಣವನ್ನು ನಂಬಬೇಕೋ ಬೇಡವೋ ಎಂದು ತೂಗುತ್ತ ಕೂರುವುದಕ್ಕೆ ಮೊದಲು ನಾವು ಕೇಳಬೇಕಾದುದು ಇಷ್ಟೇ: ಈ ಉಪವಾಸಕ್ಕೆ ಪಾರಣೆ ಯಾವತ್ತು? ಅದಕ್ಕೆ ಉತ್ತರ ದೊರೆಯದಿದ್ದರೆ ಅದು ವ್ರತವಲ್ಲ, ವ್ಯಾಧಿ.